ಜುಲು ಯುದ್ಧದ ಹಳೆ ಪುಸ್ತಕ ಕೂಡಿಸಲು ಮೊದಲ ಮುದ್ರಣದಿಂದಲೇ ಶುರು ಮಾಡಬೇಕಾ?

ಕೈಯಲ್ಲಿ 20,000 ರೂಪಾಯಿ ಇದೆ, ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಜುಲು ರಾಜ್ಯಕ್ಕೂ ನಡೆದ 1879ರ ಆಂಗ್ಲೋ-ಜುಲು ಯುದ್ಧದ ಮೇಲೆ ಒಂದು ಮೊದಲ ಮುದ್ರಣ ಕೊಳ್ಳಲೋ ಅಥವಾ ನಾಲ್ಕಾರು ಮರುಮುದ್ರಣ ತಗೊಳ್ಳಲೋ ಎಂದು ಕೇಳಿದ್ದೀರಿ. ನಾನು ಮೊದಲ ಮುದ್ರಣವನ್ನೇ ಕೊಂಡವನು. ಅದಕ್ಕೇ ಬೇಡ ಅನ್ನುತ್ತಿದ್ದೇನೆ.

ಕೊಂಡಿದ್ದು ಬ್ರಿಟಿಷ್ ಯುದ್ಧ ಕಚೇರಿಯ ಗುಪ್ತಚರ ಶಾಖೆ 1881ರಲ್ಲಿ ಹೊರತಂದ ಅಧಿಕೃತ ಇತಿಹಾಸ, 'ನ್ಯಾರೇಟಿವ್ ಆಫ್ ದ ಫೀಲ್ಡ್ ಆಪರೇಷನ್ಸ್ ಕನೆಕ್ಟೆಡ್ ವಿತ್ ದ ಜುಲು ವಾರ್ ಆಫ್ 1879'. ಮಾರಾಟದ ಪಟ್ಟಿಯಲ್ಲಿ 'ಟೆಕ್ಸ್ಟ್ ಕಂಪ್ಲೀಟ್' ಎಂದು ಬರೆದಿತ್ತು. ಆ ಎರಡು ಪದ ಓದಿ ಪುಸ್ತಕವೇ ಪೂರ್ತಿ ಇದೆ ಅಂದುಕೊಂಡೆ. ಹಳೆ ಪುಸ್ತಕದ ವ್ಯಾಪಾರದಲ್ಲಿ ಇದಕ್ಕೆ ಅಷ್ಟು ಅರ್ಥವಿಲ್ಲ. ಅಚ್ಚಾದ ಪುಟಗಳೆಲ್ಲ ಇವೆ ಅಂತ ಮಾತ್ರ ಅರ್ಥ. ಮಡಚಿಟ್ಟ ನಕ್ಷೆ, ಚಿತ್ರದ ಹಾಳೆ, ಹಿಂದಿನ ರಟ್ಟಿನ ಜೇಬಿನಲ್ಲಿದ್ದ ಭೂಪಟ, ಯಾವುದಕ್ಕೂ ಆ ಮಾತು ಜವಾಬ್ದಾರಿಯಲ್ಲ. ನನ್ನ ಪ್ರತಿಯಲ್ಲಿ ನಕ್ಷೆ ಇರಲಿಲ್ಲ. ಆದರೂ ಮಾರಿದವರು ಸುಳ್ಳು ಹೇಳಿರಲಿಲ್ಲ, ಹಾಗಾಗಿ ವಾಪಸ್ ಕೊಡುವ ಮಾತೇ ಏಳಲಿಲ್ಲ.

ಎಚ್ಚರಿಕೆ ವಹಿಸಿರಲಿಲ್ಲ ಅಂತಲ್ಲ. ಕೊಳ್ಳುವ ಮುಂಚೆ ಅಂತರ್ಜಾಲದ ಸ್ಕ್ಯಾನ್ ಪ್ರತಿಯೊಂದರ ಜೊತೆ ಹೋಲಿಸಿ ನೋಡಿದ್ದೆ, ಅದೇ ನನ್ನನ್ನು ಕೆಡಿಸಿತು. ಗ್ರಂಥಾಲಯಗಳ ಹಳೆ ಸ್ಕ್ಯಾನ್‌ಗಳಲ್ಲಿ ಮಡಚಿದ ನಕ್ಷೆಯನ್ನು ಬಿಡಿಸದೇ, ಮಡಿಕೆಯ ಮೇಲೇ ಫೋಟೊ ತೆಗೆದು ಮುಂದೆ ಹೋಗಿರುವುದು ಸಾಮಾನ್ಯ. ಅಲ್ಲಿ ಕಾಣುವುದು ಬಿಳಿ ಹಾಳೆ, ಮೂಲೆಯಲ್ಲಿ ಅರ್ಧ ನದಿ. ಅದನ್ನು ಖಾಲಿ ಪುಟ ಅಂದುಕೊಂಡೆ. ಹಾಗಾಗಿ ನಕ್ಷೆಯಿಲ್ಲದ ಪುಸ್ತಕವನ್ನು ನಕ್ಷೆ ಕಾಣದ ಸ್ಕ್ಯಾನ್‌ಗೆ ಹೋಲಿಸಿ 'ಸರಿಯಾಗಿದೆ' ಅಂತ ತೀರ್ಮಾನಿಸಿಬಿಟ್ಟೆ. ಪ್ರಿಂಟ್-ಆನ್-ಡಿಮಾಂಡ್, ಅಂದರೆ ಬೇಡಿಕೆ ಬಂದಾಗ ಮಾತ್ರ ಅಚ್ಚು ಹಾಕುವ ಮರುಮುದ್ರಣಗಳಲ್ಲಿ ಬಹುಪಾಲು ಇಂಥ ಸ್ಕ್ಯಾನ್‌ನಿಂದಲೇ ಬರುತ್ತವೆ. ಹೊಳೆಯುವ ಹೊಸ ರಟ್ಟು, ಒಳಗೆ ಅದೇ ಅರ್ಧ ನದಿ.

ಈ ವಿಷಯದ ಪುಸ್ತಕಗಳಲ್ಲಿ ನಕ್ಷೆ ಅಲಂಕಾರಕ್ಕೆ ಇರುವುದಲ್ಲ. 1879ರ ಜನವರಿ 22ರಂದು ಇಸಾಂಡ್ಲ್ವಾನಾದಲ್ಲಿ ಸುಮಾರು 20,000 ಜುಲು ಯೋಧರ ಮುಂದೆ ಬ್ರಿಟಿಷ್ ಪಾಳೆಯ ಕುಸಿದು 1,300ಕ್ಕೂ ಹೆಚ್ಚು ಜನ ಸತ್ತರು. ಯಾವ ಕಂಪನಿ ಗುಡ್ಡದಿಂದ ಎಷ್ಟು ದೂರ ನಿಂತಿತ್ತು, ಬ್ರಿಟಿಷ್ ಅಧಿಕಾರಿ ಕರ್ನಲ್ ಡರ್ನ್‌ಫರ್ಡ್ ಯಾವ ದಿಕ್ಕಿಗೆ ಹೋದ ಅನ್ನುವುದರ ಮೇಲೇ ಇಂದಿಗೂ ಜಗಳ ನಡೆಯುತ್ತಿರುವುದು. ನಕ್ಷೆ ಇಲ್ಲದಿದ್ದರೆ ಅಧಿಕೃತ ಇತಿಹಾಸದ ಅರ್ಧ ವಾಕ್ಯಗಳು ಹಾಡಿಲ್ಲದ ಹಾಡಿನ ಪುಸ್ತಕದ ಹಾಗೆ.

ಪರೀಕ್ಷಿಸುವ ಕ್ರಮ ಹೀಗೆ. ಮೊದಲ ಪುಟಗಳಲ್ಲಿ ನಕ್ಷೆಗಳ ಪಟ್ಟಿ ಇರುತ್ತದೆ, ಅದರ ಫೋಟೊ ತರಿಸಿಕೊಳ್ಳಿ. ಪಟ್ಟಿಯಲ್ಲಿರುವ ಒಂದೊಂದು ನಕ್ಷೆಯನ್ನೂ ಪೂರ್ತಿ ಬಿಡಿಸಿ, ನಾಲ್ಕೂ ಅಂಚು ಕಾಣುವಂತೆ ತೆಗೆದ ಫೋಟೊ ಕೇಳಿ. ಹೊಲಿಗೆಯ ಸಂದಿಯಲ್ಲಿ ಬೆರಳಗಲದ ಹಾಳೆಯ ಪಟ್ಟಿ ಉಳಿದಿದ್ದರೆ ಅಲ್ಲೇನೋ ಕತ್ತರಿಸಿದ್ದಾರೆಯೇ ಎಂದು ನೋಡಬೇಕು. ನಕ್ಷೆಯನ್ನು ಅಂಟಿಸಲೆಂದೇ ಅಂಥ ಪಟ್ಟಿ ಬಿಡುವುದೂ ಉಂಟು, ಆದರೆ ಆಗ ನಕ್ಷೆ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಎದುರು ಪುಟದಲ್ಲಿ ಕಂದು ಬಣ್ಣದ ಚೌಕಾಕಾರದ ನೆರಳು ಬಿದ್ದಿದ್ದರೆ ಅಲ್ಲಿ ಎಷ್ಟೋ ವರ್ಷ ಒಂದು ಹಾಳೆ ಮಲಗಿತ್ತು ಅಂತ ಅರ್ಥ. ನಕ್ಷೆ ಕಾಣೆಯಾಗುವುದಕ್ಕೆ ಕಳ್ಳರೇ ಬೇಕಿಲ್ಲ. ದೊಡ್ಡ ಹಾಳೆಯ ಭಾರಕ್ಕೆ ಸಂದಿಯೇ ಹರಿಯುತ್ತದೆ. ಚೌಕಟ್ಟು ಹಾಕಿ ಗೋಡೆಗೆ ಮಾರಿದರೆ ಹೆಚ್ಚು ದುಡ್ಡು ಅಂತ ಕತ್ತರಿಸುವವರೂ ಇದ್ದಾರೆ.

ಮಾರಾಟದ ಪಟ್ಟಿಯಲ್ಲಿ 'ಎಕ್ಸ್-ಲೈಬ್ರರಿ' ಅಂತಿದ್ದರೆ ಹೆದರಬೇಡಿ. ಮೊಹರು, ಕಾರ್ಡಿನ ಜೇಬು ಓದಿಗೆ ಅಡ್ಡ ಬರುವುದಿಲ್ಲ, ಬೆಲೆ ಇಳಿಯುತ್ತದೆ. 'ಫಾಕ್ಸಿಂಗ್' ಅಂದರೆ ಬರೀ ಕಂದು ಚುಕ್ಕೆ. 'ರೀಬ್ಯಾಕ್ಡ್' ಅಂದರೆ ಬೆನ್ನು ಹೊಸದು, ಗಟ್ಟಿ ಕೆಲಸವಾಗಿದ್ದರೆ ಒಳ್ಳೆಯದೇ. ಹಿಂದೆ ಸರಿಯಬೇಕಾದ್ದು 'ಲ್ಯಾಕಿಂಗ್', ಅಂದರೆ ಏನೋ ಕಾಣೆಯಾಗಿದೆ, ಎಂಬ ಪದ ಕಂಡಾಗ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರೋಣ. ಮೊದಲ ಮುದ್ರಣವೋ ಮರುಮುದ್ರಣವೋ ಅನ್ನುವುದೇ ತಪ್ಪು ಆಯ್ಕೆ. ಕೇಳಬೇಕಾದ್ದು ಯಾರ ಕಡೆಯ ಪುಸ್ತಕ ಅಂತ. ಸಂಗ್ರಹಕಾರರ ಕಪಾಟುಗಳಲ್ಲಿ ಬಹುಪಾಲು ರೋರ್ಕ್ಸ್ ಡ್ರಿಫ್ಟ್ ಪುಸ್ತಕಗಳೇ. ಇಸಾಂಡ್ಲ್ವಾನಾದ ದಿನವೇ ಶುರುವಾದ ಆ ಕಾಳಗದಲ್ಲಿ ಠಾಣೆ ಉಳಿಸಿಕೊಂಡ ಬ್ರಿಟಿಷರು ಸುಮಾರು 150 ಜನ, 11 ವಿಕ್ಟೋರಿಯಾ ಕ್ರಾಸ್ ಶೌರ್ಯಪದಕ, ಒಂದೇ ಕಥೆ ಹತ್ತು ಸಲ. ಅವುಗಳಲ್ಲಿ ಒಂದು ಸಾಕು. ಅಂದಹಾಗೆ 1879ರಲ್ಲಿ ಈ ಎರಡೂ ಕಡೆ ಕಾದಿದ ಬ್ರಿಟಿಷರ 24ನೇ ರೆಜಿಮೆಂಟನ್ನು 'ಸೌತ್ ವೇಲ್ಸ್ ಬಾರ್ಡರರ್ಸ್' ಎಂದು ಕರೆದ ಪುಸ್ತಕ ಕಂಡರೆ ಅನುಮಾನಪಡಿ. ಆ ಹೆಸರು ಬಂದಿದ್ದು 1881ರಲ್ಲಿ. ಯುದ್ಧದ ವೇಳೆಗೆ ಅದು ಸೆಕೆಂಡ್ ವಾರ್ವಿಕ್‌ಶೈರ್.

ನಾನಾಗಿದ್ದರೆ ಕಾರ್ನೀಲಿಯಸ್ ವೈನ್‌ನ 'ಸೆಟ್ಶ್ವಾಯೋಸ್ ಡಚ್‌ಮನ್' ಮೊದಲು ಹುಡುಕುತ್ತೇನೆ. ಯುದ್ಧದುದ್ದಕ್ಕೂ ಜುಲು ನಾಡಿನೊಳಗೇ ಸಿಕ್ಕಿಬಿದ್ದಿದ್ದ ವ್ಯಾಪಾರಿಯ ದಿನಚರಿ ಅದು. 1880ರಲ್ಲಿ ನೆಟಾಲ್‌ನ ಬಿಷಪ್ ಕೊಲೆನ್ಸೊ ಇಂಗ್ಲಿಷಿಗೆ ತಂದರು. 1988ರಲ್ಲಿ ಗ್ರೀನ್‌ಹಿಲ್ ಮರುಮುದ್ರಣ ಮಾಡಿತು, ಅದು ಸಾಕು. ಆಮೇಲೆ 'ಎ ಜುಲು ಕಿಂಗ್ ಸ್ಪೀಕ್ಸ್', 1978: ಸೆರೆಯಾದ ಮೇಲೆ ದೊರೆ ಸೆಟ್ಶ್ವಾಯೊ ಕೊಟ್ಟ ಹೇಳಿಕೆಗಳು. ಜುಲು ಲೇಖಕ ಮಗೇಮಾ ಫುಜೆ 1922ರಲ್ಲಿ ತನ್ನ ಭಾಷೆಯಲ್ಲೇ ಬರೆದ ಇತಿಹಾಸ 1979ರಲ್ಲಿ ಇಂಗ್ಲಿಷಿಗೆ ಬಂತು, 'ದ ಬ್ಲ್ಯಾಕ್ ಪೀಪಲ್ ಅಂಡ್ ವೆನ್ಸ್ ದೇ ಕೇಮ್'. ಜೆಫ್ ಗೈ ಬರೆದ 'ದ ಡಿಸ್ಟ್ರಕ್ಷನ್ ಆಫ್ ದ ಜುಲು ಕಿಂಗ್ಡಮ್' (1979) ಇಲ್ಲದೆ ಸಂಗ್ರಹವೇ ಇಲ್ಲ. ಯುದ್ಧದ ಕೊನೆಯ ದೊಡ್ಡ ಕಾಳಗವಾದ ಉಲುಂಡಿಯ ಸೋಲಿಗಿಂತ, ಆಮೇಲೆ ನಾಡನ್ನು 13 ತುಂಡು ಮಾಡಿ ಹಚ್ಚಿಟ್ಟ ಒಳಜಗಳವೇ ರಾಜ್ಯವನ್ನು ಮುಗಿಸಿತು ಅನ್ನುವುದು ಅದರ ವಾದ. ನನಗಂತೂ ಒಪ್ಪಿಗೆ.

ಮೊದಲ ಮುದ್ರಣದ ಹಂಬಲ ತೀರಲೇಬೇಕಿದ್ದರೆ ಬಿಷಪ್ ಕೊಲೆನ್ಸೊ ಅವರ ಮಗಳು ಫ್ರಾನ್ಸೆಸ್ ಮತ್ತು ಎಡ್ವರ್ಡ್ ಡರ್ನ್‌ಫರ್ಡ್ ಬರೆದ 1880ರ ಇತಿಹಾಸಕ್ಕೆ ಕಾಯಿರಿ. ಇಸಾಂಡ್ಲ್ವಾನಾದ ಸೋಲಿನ ಹೊರೆಯನ್ನು ಅಲ್ಲೇ ಸತ್ತ ಕರ್ನಲ್ ಡರ್ನ್‌ಫರ್ಡ್ ತಲೆಗೆ ಕಟ್ಟಿದಾಗ ಅವನ ಪರ ನಿಂತ ಪುಸ್ತಕ ಅದು. ಎಡ್ವರ್ಡ್ ಅವನ ತಮ್ಮ. ಅಧಿಕೃತ ಇತಿಹಾಸದ ಪಕ್ಕದಲ್ಲಿಟ್ಟು ಓದಿದರೆ ರುಚಿ ಬೇರೆ.

ಒಂದೇ ಪುಸ್ತಕವನ್ನು ಎರಡು ಸಲ ಕೊಳ್ಳಬೇಡಿ. ಜಾನ್ ಲಾಬ್ಯಾಂಡ್‌ನ 'ರೋಪ್ ಆಫ್ ಸ್ಯಾಂಡ್' 1995ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಂತು. ಅದೇ ಲಂಡನ್‌ನಲ್ಲಿ 'ದ ರೈಸ್ ಅಂಡ್ ಫಾಲ್ ಆಫ್ ದ ಜುಲು ನೇಷನ್' ಆಯಿತು.

ಎಲ್ಲಿ ಹುಡುಕುವುದು? ಒಳ್ಳೆ ಪ್ರತಿಗಳು ಹೆಚ್ಚಾಗಿ ಇಂಗ್ಲೆಂಡ್, ದಕ್ಷಿಣ ಆಫ್ರಿಕಾದಲ್ಲೇ ಇವೆ. ಕೇಪ್ ಟೌನ್‌ನ ಕ್ಲಾರ್ಕ್ಸ್, ಡರ್ಬನ್‌ನ ಐಕ್ಸ್ ಅಂಗಡಿಗಳನ್ನು ನೋಡಿ. ಅಬೆಬುಕ್ಸ್‌ನಲ್ಲಿ ಹುಡುಕುವಾಗ 1970ಕ್ಕಿಂತ ಹಿಂದಿನ ಪುಸ್ತಕಕ್ಕೆ ಐಎಸ್‌ಬಿಎನ್ ಹಾಕಬೇಡಿ, ಮರುಮುದ್ರಣಗಳೇ ತುಂಬಿ ಬರುತ್ತವೆ. ಪ್ರಕಾಶನದ ವರ್ಷ ಹಾಕಿ. ಅಂಚೆ ವೆಚ್ಚ ಪುಸ್ತಕದ ಬೆಲೆಯನ್ನೇ ಮೀರಬಹುದು, ಒಬ್ಬರೇ ವ್ಯಾಪಾರಿಯಿಂದ ಒಟ್ಟಿಗೆ ತರಿಸಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಈ ಪುಸ್ತಕಗಳನ್ನು ನಿರೀಕ್ಷಿಸಬೇಡಿ. ಆದರೆ 1906ರಲ್ಲಿ ಜುಲುಗಳು ಎದ್ದ ಬಂಬಾಥ ದಂಗೆಯಲ್ಲಿ ಗಾಂಧೀಜಿ ಗಾಯಾಳುಗಳನ್ನು ಹೊರುವ ಭಾರತೀಯರ ತುಕಡಿ ನಡೆಸಿದ್ದು ಅವರ ಆತ್ಮಕಥೆಯಲ್ಲಿ, 'ದಕ್ಷಿಣ ಆಫ್ರಿಕಾದಲ್ಲಿ ಸತ್ಯಾಗ್ರಹ'ದಲ್ಲಿ ಇದೆ, ಅವು ಅಗ್ಗಕ್ಕೆ ಸಿಗುತ್ತವೆ. 1879ರ ಯುದ್ಧಕ್ಕೆ ಹಟ ಹಿಡಿದ ಬ್ರಿಟಿಷ್ ಹೈ ಕಮಿಷನರ್ ಬಾರ್ಟಲ್ ಫ್ರೀಯರ್ ಅದಕ್ಕೂ ಮುಂಚೆ ಮುಂಬಯಿಯ ಗವರ್ನರ್ ಆಗಿದ್ದವನು, ಧಾರವಾಡ ಬೆಳಗಾವಿಯೂ ಆಗ ಅವನ ಕೈಕೆಳಗೇ ಇದ್ದವು.

ಪುಸ್ತಕ ಬಂದ ಮೇಲೆ ಹುಳುವಿನ ಗುರುತು ಕಂಡರೆ ಗಾಳಿಯಾಡದ ಪಾಲಿಥಿನ್ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದು ಒಂದು ದಿನ ಚೀಲ ಬಿಚ್ಚಬೇಡಿ. ಆಗ ತೇವ ಚೀಲದ ಹೊರಗೆ ಕೂರುತ್ತದೆ, ಹಾಳೆಗೆ ತಾಗುವುದಿಲ್ಲ. ನಕ್ಷೆಯ ಮಡಿಕೆ ಹರಿದಿದ್ದರೆ ಸೆಲ್ಲೋಟೇಪ್ ಮುಟ್ಟಿಸಲೇಬೇಡಿ. ಅಂಟು ಕೆಲವು ವರ್ಷಗಳಲ್ಲಿ ಹಳದಿ ತಿರುಗಿ ಕಾಗದದೊಳಕ್ಕೆ ಇಳಿಯುತ್ತದೆ. ಜಪಾನಿ ಟಿಶ್ಯೂ ಕಾಗದ, ತೆಳ್ಳಗೆ ಕುದಿಸಿದ ಗೋಧಿ ಗಂಜಿಯ ಅಂಟು, ಹಿಂಬದಿಯಿಂದ ಮಾತ್ರ. ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು, ಭಾರ ಹೇರಿ ಒಂದು ರಾತ್ರಿ ಬಿಡಿ.