ಸೇಂಟ್ ಆಲ್ಬನ್ಸ್‌ನ ಹಳೆ ಮನೆಯೋ, ಟಾರ್ನೀಟ್ ಆಚೆಯ ಹೊಸ ಮನೆಯೋ?

ನೀವು ಕೇಳಿದ್ದು ಇಷ್ಟು. ಬೆಂಗಳೂರಿನಿಂದ ಮೆಲ್ಬರ್ನ್‌ಗೆ ಬಂದು ಇನ್ನೂ ಎರಡು ವರ್ಷ ತುಂಬಿಲ್ಲ, ಪಿಆರ್ (ಕಾಯಂ ವಾಸದ ಪರವಾನಗಿ) ಕೈಯಲ್ಲಿದೆ, ಬಾಡಿಗೆ ಕಟ್ಟಿ ಸಾಕಾಗಿದೆ. ಏಳು ಲಕ್ಷ ಡಾಲರ್ ಆಸುಪಾಸಿನಲ್ಲಿ ನಗರದ ಪಶ್ಚಿಮದ ಕಡೆ ಎರಡು ಮನೆ ಕಣ್ಣಿಗೆ ಬಿದ್ದಿವೆ. ಒಂದು ಸೇಂಟ್ ಆಲ್ಬನ್ಸ್‌ನಲ್ಲಿ 1970ರ ದಶಕದ ಮೂರು ಬೆಡ್‌ರೂಮಿನ ಇಟ್ಟಿಗೆ ಮನೆ. ಇನ್ನೊಂದು ಟಾರ್ನೀಟ್ ಸ್ಟೇಷನ್ ದಾಟಿ ಇನ್ನೂ ಆಚೆ, ಹೊಸ ಎಸ್ಟೇಟಿನಲ್ಲಿ, ಅಂದರೆ ಈಗಷ್ಟೇ ಏಳುತ್ತಿರುವ ಬಡಾವಣೆಯಲ್ಲಿ, ಸೈಟು ಕೊಂಡು ನಾಲ್ಕು ಬೆಡ್‌ರೂಮಿನ ಮನೆ ಕಟ್ಟಿಸುವುದು. ನೀವು ಪಾರ್ಕ್‌ವಿಲ್‌ನ ಆಸ್ಪತ್ರೆಯಲ್ಲಿ ನರ್ಸ್, ನಿಮ್ಮ ಯಜಮಾನರಿಗೆ ಡಾಕ್‌ಲ್ಯಾಂಡ್ಸ್‌ನಲ್ಲಿ ವಾರಕ್ಕೆ ಮೂರು ದಿನ ಆಫೀಸು, ಮಗಳಿಗೆ ನಾಲ್ಕು ವರ್ಷ. ಮುಂದಿನ ವರ್ಷ ಹಾಸನದಿಂದ ಅತ್ತೆ ಮಾವ ಬಂದು ಕೆಲವು ತಿಂಗಳು ಇರುತ್ತಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೇಂಟ್ ಆಲ್ಬನ್ಸ್ ಮನೆ ತೊಗೊಳ್ಳಿ. ನಾನು ಈ ಪಶ್ಚಿಮದ ಕಡೆಯೇ ಹದಿನೈದು ವರ್ಷದ ಮೇಲಿಂದ ಇದ್ದೇನೆ, ಹೊಸ ಎಸ್ಟೇಟಿನಲ್ಲೂ ಇದ್ದವಳು, ಹಳೆ ಬಡಾವಣೆಯಲ್ಲೂ ಇದ್ದವಳು. ಹೊಸ ಮನೆ ಕೆಟ್ಟದ್ದು ಅಂತ ಅಲ್ಲ. ನಿಮ್ಮ ಮನೆಯ ಪರಿಸ್ಥಿತಿಗೆ ಅದು ಹೊಂದುವುದಿಲ್ಲ, ಅಷ್ಟೇ.

ದುಡ್ಡಿನ ಲೆಕ್ಕದಲ್ಲಿ ಹೊಸ ಮನೆ ಯಾಕೆ ಸೆಳೆಯುತ್ತದೆ ಅಂತ ನನಗೆ ಗೊತ್ತು. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಮೊದಲ ಮನೆ ಕೊಳ್ಳುವವರಿಗೆ 6 ಲಕ್ಷದವರೆಗೆ ಸ್ಟಾಂಪ್ ಡ್ಯೂಟಿ ಇಲ್ಲ, ಅಲ್ಲಿಂದ 7.5 ಲಕ್ಷದವರೆಗೆ ಸ್ವಲ್ಪ ಸ್ವಲ್ಪವೇ ಏರುತ್ತದೆ. 7 ಲಕ್ಷದ ಹಳೆ ಮನೆಗೆ ರಿಯಾಯಿತಿ ಕಳೆದ ಮೇಲೂ ಸುಮಾರು 24,700 ಡಾಲರ್ ಕಟ್ಟಬೇಕು. ಖಾಲಿ ಸೈಟು ಕೊಂಡು ಆಮೇಲೆ ಕಟ್ಟಿಸಿದರೆ ಡ್ಯೂಟಿ ಸೈಟಿನ ಬೆಲೆಗೆ ಮಾತ್ರ, ಅಂದರೆ ನಿಮಗೆ ಬಹುಶಃ ಸೊನ್ನೆ. ಮೇಲೆ ಹೊಸ ಮನೆಗೆ ಅಂತ ಸರ್ಕಾರ 10,000 ಡಾಲರ್ ಬೇರೆ ಕೊಡುತ್ತದೆ. ಎರಡೂ ಸೇರಿ ಸುಮಾರು 35 ಸಾವಿರದ ವ್ಯತ್ಯಾಸ, ಸಣ್ಣ ಮೊತ್ತ ಅಲ್ಲ. ಇನ್ನು 5 ಶೇಕಡಾ ಡೆಪಾಸಿಟ್ ಇಟ್ಟು ಕೊಳ್ಳುವಾಗ ಸಾಲಕ್ಕೆ ಕೇಂದ್ರ ಸರ್ಕಾರ ಕೊಡುವ ಗ್ಯಾರಂಟಿ ಎರಡಕ್ಕೂ ಸಿಗುತ್ತದೆ, ಮೆಲ್ಬರ್ನ್‌ನಲ್ಲಿ 2025ರ ಅಕ್ಟೋಬರಿನಿಂದ ಅದಕ್ಕೆ ಮನೆ ಬೆಲೆಯ ಮಿತಿ 9.5 ಲಕ್ಷ.

ಆದರೆ ಆ 35 ಸಾವಿರ ನಿಮ್ಮ ಕೈಯಲ್ಲಿ ಉಳಿಯುತ್ತದೆ ಅಂತ ತಿಳಿಯಬೇಡಿ. ಬಿಲ್ಡರ್ ತೋರಿಸುವ ಡಿಸ್‌ಪ್ಲೇ ಮನೆಯಲ್ಲಿ ಇರುವುದೆಲ್ಲ ನಿಮ್ಮ ಬೆಲೆಯಲ್ಲಿ ಇರುವುದಿಲ್ಲ. ಬೇಲಿ, ಡ್ರೈವ್‌ವೇ, ಕಿಟಕಿ ಪರದೆ, ಎಸಿ, ಹಿತ್ತಲಿನ ಕೆಲಸ, ಒಂದೊಂದೂ ಬರೆದಿದೆಯಾ ಅಂತ ಕೇಳಿ. ಪಾಯ ತೋಡುವಾಗ ಕಲ್ಲು ಸಿಕ್ಕರೆ ಅದರ ಖರ್ಚು ಬೇರೆ, ಈ ಕಡೆ ಕಲ್ಲು ಸಿಗುವುದು ಅಪರೂಪವೇನಲ್ಲ. ಇನ್ನೊಂದು, ನೀವು ನೋಡಿದ ಸೈಟಿಗೆ ಟೈಟಲ್ (ಹಕ್ಕುಪತ್ರ) ಇನ್ನೂ ಬಂದಿಲ್ಲ ಅಂದಿರಿ. ಟೈಟಲ್ ಬರುವವರೆಗೆ ಒಂದು ಇಟ್ಟಿಗೆಯೂ ಏಳುವುದಿಲ್ಲ. ಬಂದ ಮೇಲೆ ಕಟ್ಟಡ ಶುರು, ಹಂತ ಹಂತಕ್ಕೆ ಬ್ಯಾಂಕು ದುಡ್ಡು ಬಿಡುತ್ತದೆ, ಬಿಟ್ಟಷ್ಟಕ್ಕೆ ಬಡ್ಡಿ ಕಟ್ಟುತ್ತಾ, ಇತ್ತ ಈಗಿನ ಮನೆಗೆ ಬಾಡಿಗೆಯನ್ನೂ ಕಟ್ಟುತ್ತಾ ಒಂದು ವರ್ಷದ ಹತ್ತಿರ ಕಳೆಯಬೇಕು. 2023ರಲ್ಲಿ ಇಲ್ಲಿಯ ದೊಡ್ಡ ಬಿಲ್ಡರ್ ಒಬ್ಬರು ರಾತ್ರೋರಾತ್ರಿ ಬಾಗಿಲು ಹಾಕಿದಾಗ ಎಷ್ಟೋ ಮನೆಗಳು ಅರ್ಧಕ್ಕೇ ನಿಂತವು, ಕೆಲವರಿಗೆ ವಿಮೆಯೇ ಮಾಡಿಸಿರಲಿಲ್ಲ ಅಂತ ಆಗ ಗೊತ್ತಾಯಿತು. ಹಾಗಾಗಿ ಹೊಸದೇ ಕಟ್ಟಿಸಿದರೂ ಸರಿ, ಮನೆ ಕಟ್ಟುವ ವಿಮೆಯ ಸರ್ಟಿಫಿಕೇಟ್ ನಿಮ್ಮ ಹೆಸರಿಗೆ ಬರುವ ತನಕ ಡೆಪಾಸಿಟ್ ಕೊಡಲೇಬೇಡಿ.

ಈಗ ಓಡಾಟ. ನಿಮ್ಮದು ಬೆಳಗ್ಗೆ ಏಳಕ್ಕೆ ಶಿಫ್ಟು. ಸೇಂಟ್ ಆಲ್ಬನ್ಸ್ ಇರುವುದು ಸನ್‌ಬರಿ ಲೈನಿನಲ್ಲಿ. 2025ರ ನವೆಂಬರ್ ಕೊನೆಗೆ ನಗರದ ಕೆಳಗಿನ ರೈಲು ಸುರಂಗ ಮೆಟ್ರೋ ಟನಲ್ ತೆರೆದ ಮೇಲೆ ಈ ಲೈನಿನ ರೈಲು ಪಾರ್ಕ್‌ವಿಲ್‌ಗೇ ಹೋಗುತ್ತದೆ. ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಇಳಿಯುತ್ತೀರಿ. ನರ್ಸ್ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಟಾರ್ನೀಟ್‌ನಲ್ಲಿ ಓಡುವುದು ಹೊರ ಊರುಗಳಿಗೆ ಹೋಗುವ ವಿ-ಲೈನ್‌ನ ಡೀಸೆಲ್ ರೈಲು. 2015ರಲ್ಲಿ ಆ ಸ್ಟೇಷನ್ ಶುರುವಾಯಿತು, ಸುತ್ತಲಿನ ಊರು ರೈಲಿಗಿಂತ ಜೋರಾಗಿ ಬೆಳೆಯಿತು. ಜೀಲಾಂಗ್ ಕಡೆಯಿಂದ ಬರುವ ಬೋಗಿಗಳು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬೆಳಗಿನ ಹೊತ್ತು ಕಾಲಿಡಲು ಜಾಗ ಇರುವುದಿಲ್ಲ. ನೀವು ನೋಡಿದ ಎಸ್ಟೇಟಿನಿಂದ ಸ್ಟೇಷನ್ನಿಗೇ ಕಾರು ಬೇಕು, ಅಲ್ಲಿಂದ ವಿ-ಲೈನ್, ಸನ್‌ಶೈನ್ ಅಥವಾ ಫುಟ್ಸ್‌ಕ್ರೇನಲ್ಲಿ ಇಳಿದು ಮತ್ತೆ ಇನ್ನೊಂದು ರೈಲು. ಯಜಮಾನರಿಗೆ ಮಾತ್ರ ಅದು ಪರವಾಗಿಲ್ಲ, ಸದರ್ನ್ ಕ್ರಾಸ್‌ನಲ್ಲಿ ಇಳಿದರೆ ಡಾಕ್‌ಲ್ಯಾಂಡ್ಸ್ ನಡೆಯುವ ದೂರ. ಆದರೆ ದಿನಾ ಹೋಗುವವರು ನೀವು, ಅವರಲ್ಲ. ಕಾರಿನಲ್ಲೇ ಹೋಗುತ್ತೇನೆ ಅಂದರೆ ಆ ಕಡೆಯ ರಸ್ತೆಗಳನ್ನು ಒಂದು ಸೋಮವಾರ ಬೆಳಗ್ಗೆ ನೋಡಿ ಬನ್ನಿ.

ಅತ್ತೆ ಮಾವನ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿರಿ. ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕು ಅನ್ನಿಸುವುದು ಅದರ ಬಗ್ಗೆಯೇ. ಊರಿನಲ್ಲಿ ಅವರು ಬೆಳಗ್ಗೆ ಎದ್ದು ಹಾಲು ತರುತ್ತಾರೆ, ಪೇಪರ್ ಓದುತ್ತಾರೆ, ಸಂಜೆ ದೇವಸ್ಥಾನಕ್ಕೆ ನಡೆದು ಹೋಗುತ್ತಾರೆ, ದಾರಿಯಲ್ಲಿ ನಾಲ್ಕು ಜನ ಮಾತಾಡಿಸುತ್ತಾರೆ. ಇಲ್ಲಿಗೆ ಬಂದು ಹೊಸ ಎಸ್ಟೇಟಿನ ಮನೆಯಲ್ಲಿ ಕೂತರೆ, ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ, ಅವರಿಗೆ ಇರುವುದು ಟಿವಿ ಮತ್ತು ಫೋನು. ಕಾರು ಓಡಿಸಲು ಬರುವುದಿಲ್ಲ, ಬಸ್ಸು ಎಷ್ಟೋ ಹೊತ್ತಿಗೊಂದು, ಅಂಗಡಿ ನಕ್ಷೆಯಲ್ಲಿ ಮಾತ್ರ ಇದೆ, ಮರಗಳು ಇನ್ನೂ ಕೋಲಿನ ಹಾಗಿವೆ, ಬೇಸಿಗೆಯಲ್ಲಿ ಉತ್ತರದ ಬಿಸಿಗಾಳಿ ಬೀಸಿದರೆ ಫುಟ್‌ಪಾತಿನಲ್ಲಿ ನಡೆಯಲು ನೆರಳೇ ಇಲ್ಲ. ಎಷ್ಟು ಮನೆಗಳಲ್ಲಿ ದೊಡ್ಡವರು ಆರು ತಿಂಗಳಿಗೆ ಅಂತ ಬಂದು ಮೂರಕ್ಕೇ ವಾಪಸ್ ಟಿಕೆಟ್ ಮಾಡಿಸಿ ಅಂದಿದ್ದನ್ನು ನೋಡಿದ್ದೇನೆ. ಮಗ ಸೊಸೆ ಚೆನ್ನಾಗಿ ನೋಡಿಕೊಂಡಿಲ್ಲ ಅಂತ ಅಲ್ಲ. ಹೊರಗೆ ಕಾಲಿಡಲು ಜಾಗ ಇರಲಿಲ್ಲ.

ಸೇಂಟ್ ಆಲ್ಬನ್ಸ್‌ನಲ್ಲಿ ಆಲ್‌ಫ್ರೀಡಾ ಸ್ಟ್ರೀಟ್ ಇದೆ. ವಿಯೆಟ್ನಾಮಿನವರ ತರಕಾರಿ ಅಂಗಡಿಗಳು, ಕೊತ್ತಂಬರಿ, ಬೆಂಡೆ, ಹಾಗಲ, ನುಗ್ಗೆ ಎಲ್ಲ ಕಣ್ಣ ಮುಂದೆ ಆರಿಸಿಕೊಳ್ಳಬಹುದು. ಮಾವನವರು ಒಂದು ಚೀಲ ಹಿಡಿದು ತಾವೇ ಹೋಗಿ ಬರುತ್ತಾರೆ, ಇಂಗ್ಲಿಷ್ ಬರದಿದ್ದರೂ ನಡೆಯುತ್ತದೆ, ಅಲ್ಲಿ ಅಂಗಡಿಯವರಿಗೂ ಗಿರಾಕಿಗಳಿಗೂ ಅದು ಎರಡನೆಯ ಭಾಷೆಯೇ. ಲೈಬ್ರರಿ ಇದೆ, ಪಾರ್ಕಿನಲ್ಲಿ ದೊಡ್ಡ ಮರಗಳಿವೆ. ಸನ್‌ಶೈನ್ ಆಸ್ಪತ್ರೆ ಆ ಬಡಾವಣೆಯಲ್ಲೇ ಇದೆ, ವಯಸ್ಸಾದವರಿಗೂ ಸಣ್ಣ ಮಗುವಿಗೂ ಅದು ಧೈರ್ಯ. ಮಗಳ ಶಾಲೆ ಕೂಡ ಹೀಗೇ. ಎಸ್ಟೇಟಿನವರು ಶಾಲೆಗೆ ಜಾಗ ಬಿಟ್ಟಿದ್ದೇವೆ ಅನ್ನುತ್ತಾರೆ. ಜಾಗ ಬಿಡುವುದು ಬೇರೆ, ಶಾಲೆ ತೆರೆಯುವುದು ಬೇರೆ. ನಿಮ್ಮ ಮಗಳಿಗೆ ಬೇಕಾಗಿರುವುದು ಮುಂದಿನ ವರ್ಷ.

ಮಣ್ಣಿನ ಮಾತು ಯಾರೂ ನಿಮಗೆ ಹೇಳಿರಲಾರರು. ಮೆಲ್ಬರ್ನ್‌ನ ಪಶ್ಚಿಮ ಬಹುಪಾಲು ಬಸಾಲ್ಟ್ ಕಲ್ಲಿನ ಬಯಲು, ಮೇಲೆ ಜಿಗುಟು ಮಣ್ಣು. ನಮ್ಮ ಗದಗ, ಧಾರವಾಡದ ಎರೆ ಭೂಮಿಯ ಹಾಗೇ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಈ ಕಡೆ ಕೆಲವು ಹೊಸ ಮನೆಗಳ ಕಾಂಕ್ರೀಟ್ ಸ್ಲ್ಯಾಬೇ ಎದ್ದು ಗೋಡೆ ಒಡೆದಿದ್ದುಂಟು. ಹಳೆ ಮನೆಯೂ ಅದೇ ಮಣ್ಣಿನ ಮೇಲಿದೆ, ಆದರೆ ಐವತ್ತು ವರ್ಷದ ಅಲುಗಾಟ ಕಂಡಿದೆ, ಬಿರುಕು ಇದ್ದರೆ ಕಣ್ಣಿಗೆ ಕಾಣುತ್ತದೆ. ಹೊಸದೇ ಕಟ್ಟಿಸಿದರೆ ಸಾಯಿಲ್ ರಿಪೋರ್ಟ್ ಕೇಳಿ, ಅದರಲ್ಲಿ ಸೈಟಿನ ಮಣ್ಣಿನ ಕ್ಲಾಸ್ ಎಚ್1, ಎಚ್2 (ಜಾಸ್ತಿ ಉಬ್ಬುವ ಮಣ್ಣು) ಅಥವಾ ಪಿ (ತೊಂದರೆಯ ಜಾಗ) ಅಂತ ಬಂದರೆ ಖರ್ಚು ಏರುತ್ತದೆ.

ಹಳೆ ಮನೆಗೆ ಕಷ್ಟ ಇಲ್ಲ ಅಂತ ನಾನು ಹೇಳುವುದಿಲ್ಲ. ಚಳಿಗಾಲದಲ್ಲಿ ಮನೆ ಕೊರೆಯುತ್ತದೆ. 2024ರ ಮೇ ತಿಂಗಳಿನಿಂದ ಹೊಸ ಮನೆಗಳು ಇಂಧನ ಉಳಿತಾಯದಲ್ಲಿ 7 ಸ್ಟಾರ್ ಇರಲೇಬೇಕು, ಹಳೆಯದರಲ್ಲಿ ಗೋಡೆಯೊಳಗೆ ಹೆಚ್ಚಾಗಿ ಇನ್ಸುಲೇಷನ್ನೇ ಇರುವುದಿಲ್ಲ. ಬಾತ್‌ರೂಮು ಒಂದೇ, ಐದು ಜನಕ್ಕೆ ಬೆಳಗ್ಗೆ ಕಷ್ಟವೇ. 1990ಕ್ಕಿಂತ ಮುಂಚಿನ ಮನೆಯಾದ್ದರಿಂದ ಬಾತ್‌ರೂಮಿನ ಗೋಡೆಯಲ್ಲಿ, ಸೂರಿನ ಕೆಳಗಿನ ಹಾಳೆಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಸುಮ್ನೆ ಇದ್ದರೆ ಅಪಾಯ ಕಡಿಮೆ, ಕೊರೆಯಲು ಒಡೆಯಲು ಮಾತ್ರ ನೀವು ಹೋಗಬೇಡಿ. ನೆಲ ಮರದ ಸ್ಟಂಪ್ (ಕೆಳಗಿನ ಮೋಟು ಕಂಬ) ಮೇಲೆ ನಿಂತಿದ್ದರೆ ಅದನ್ನು ಯಾವಾಗ ಬದಲಿಸಿದ್ದಾರೆ ಅಂತ ಕೇಳಿ. ಡ್ಯೂಟಿ ಕಟ್ಟಿದ ಮೇಲೆ ಎರಡನೇ ಟಾಯ್ಲೆಟ್ಟಿಗೆ, ಚಾವಣಿಯ ಇನ್ಸುಲೇಷನ್ನಿಗೆ ದುಡ್ಡು ಉಳಿಯುವ ಹಾಗೆ ಬೆಲೆ ಕಟ್ಟಿ.

ವಾಸ್ತು ನೋಡಿ ಪೂರ್ವದ ಬಾಗಿಲು ಅಂತ ಹುಡುಕುತ್ತಿದ್ದೀರಿ, ಹುಡುಕಿ. ಆದರೆ ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹೋಗುತ್ತಾನೆ. ಕೂರುವ ಕೋಣೆಯ ಕಿಟಕಿ ಉತ್ತರಕ್ಕಿದ್ದರೆ ಜುಲೈನಲ್ಲಿ ಅತ್ತೆಯವರು ಅಲ್ಲೇ ಕೂತು ತರಕಾರಿ ಹೆಚ್ಚುತ್ತಾರೆ.

ಹೊಸ ಎಸ್ಟೇಟ್ ಯಾರಿಗೆ ಒಳ್ಳೆಯದು? ಟ್ರುಗನೀನಾ, ಲಾವರ್ಟನ್ ಕಡೆ ಕೆಲಸ ಇರುವವರಿಗೆ, ಪೂರ್ತಿ ಮನೆಯಿಂದಲೇ ಕೆಲಸ ಮಾಡುವವರಿಗೆ. ಅಲ್ಲಿ ನಮ್ಮವರು ಜಾಸ್ತಿ, ಯುಗಾದಿ ದಿನ ಬೀದಿಯಲ್ಲೇ ಒಬ್ಬಟ್ಟು ಹಂಚಬಹುದು, ಆ ಸಂತೋಷ ದೊಡ್ಡದು. ಅದನ್ನೂ ಬಿಡಲು ಮನಸ್ಸಿಲ್ಲದಿದ್ದರೆ ಹಾಪರ್ಸ್ ಕ್ರಾಸಿಂಗ್ ನೋಡಿ. ಎಂಬತ್ತರ ದಶಕದ ಇಟ್ಟಿಗೆ ಮನೆ, ದೊಡ್ಡ ಹಿತ್ತಲು, ವೆರಿಬೀ ಲೈನಿನ ಎಲೆಕ್ಟ್ರಿಕ್ ರೈಲು, ಟಾರ್ನೀಟ್‌ನ ಅಂಗಡಿಗಳಿಗೆ ಕಾರಿನಲ್ಲಿ ಹತ್ತು ನಿಮಿಷ.

ಸೇಂಟ್ ಆಲ್ಬನ್ಸ್ ಮನೆ ಶನಿವಾರ ಆಕ್ಷನ್ (ಹರಾಜು) ಅಂತ ಬರೆದಿದ್ದೀರಿ. ಆಕ್ಷನ್‌ನಲ್ಲಿ ಗೆದ್ದರೆ ಹಿಂದೆ ಸರಿಯಲು ಆಗುವುದಿಲ್ಲ, ಮಾಮೂಲಿ ಮಾರಾಟದಲ್ಲಿ ಸಿಗುವ ಮೂರು ಕೆಲಸದ ದಿನದ ಅವಕಾಶ ಇಲ್ಲಿ ಇಲ್ಲ. ಮಾರುವವರು ಮನೆಯ ವಿವರ ಕೊಡುವ ಸೆಕ್ಷನ್ 32 ಕಾಗದವನ್ನು ಕನ್ವೇಯನ್ಸರ್‌ಗೆ (ಆಸ್ತಿ ಕಾಗದ ನೋಡುವವರಿಗೆ) ಇವತ್ತೇ ಕಳಿಸಿ. ಗುರುವಾರದೊಳಗೆ ಬಿಲ್ಡಿಂಗ್ ಆಂಡ್ ಪೆಸ್ಟ್ ಇನ್‌ಸ್ಪೆಕ್ಷನ್ (ಕಟ್ಟಡ, ಗೆದ್ದಲಿನ ತಪಾಸಣೆ) ಮಾಡಿಸಿ, ಒಳಚರಂಡಿ ಪೈಪಿನೊಳಗೂ ಕ್ಯಾಮೆರಾ ಬಿಡಿಸಿ, ಹಳೆ ಮಣ್ಣಿನ ಪೈಪಿನಲ್ಲಿ ಮರದ ಬೇರು ಸೇರಿರಬಹುದು. ಲೋನಿಗೆ ಬ್ಯಾಂಕು ಎಷ್ಟರ ತನಕ ಒಪ್ಪಿದೆ ಅಂತ ಬರಹದಲ್ಲಿ ತೊಗೊಳ್ಳಿ. ಎಷ್ಟಕ್ಕೆ ನಿಲ್ಲಿಸಬೇಕು ಅಂತ ಶುಕ್ರವಾರ ರಾತ್ರಿಯೇ ಇಬ್ಬರೂ ಕೂತು ನಿರ್ಧರಿಸಿ, ಕೂಗುವ ಕೆಲಸ ಯಜಮಾನರಿಗೆ ಬಿಡಿ, ಆ ಮೊತ್ತ ಬಂದ ಕೂಡಲೇ ನೀವು ಅವರ ಕೈ ಹಿಡಿದು ನಿಲ್ಲಿಸಿ.