ಬೀಡಿ ಬ್ರಾಂಚಿಗೆ ಕ್ಯಾಮೆರಾ ಬೇಕಿರಲಿಲ್ಲ

ಓದುಗರ ಪತ್ರ: "ಬಿಜೈಯಲ್ಲಿ ನಮ್ಮದೊಂದು ಸಣ್ಣ ಲೆಕ್ಕಪತ್ರ ಕಚೇರಿ ಇದೆ. ಒಂಬತ್ತು ಮಂದಿ ನೌಕರರು. ಅರುವತ್ತರಷ್ಟು ಅಂಗಡಿ, ಹೋಟೆಲುಗಳ ಜಿಎಸ್‌ಟಿ ನೋಡಿಕೊಳ್ಳುತ್ತೇವೆ. ಕೆಲಸ ಕಲಿತವರು ವರ್ಷ ತುಂಬುವುದರೊಳಗೆ ಬೆಂಗಳೂರು ಬಸ್ಸು ಹತ್ತುತ್ತಾರೆ. ಹಾಗಾಗಿ ಕಾರ್ಕಳ, ಬೈಂದೂರು, ಸುಳ್ಯ ಕಡೆಯ ನಾಲ್ವರನ್ನು ಮನೆಯಿಂದಲೇ ದುಡಿಸಿಕೊಳ್ಳೋಣವೆಂದು ಯೋಚನೆ. ಆದರೆ ಕಣ್ಣೆದುರು ಇಲ್ಲದವರನ್ನು ನಂಬುವುದು ಹೇಗೆ? ಹತ್ತು ನಿಮಿಷಕ್ಕೊಮ್ಮೆ ಅವರ ಪರದೆಯ ಚಿತ್ರ ತೆಗೆದು ಕಳಿಸುವ ಸಾಫ್ಟ್‌ವೇರ್ ಒಂದನ್ನು ಏಜೆಂಟರು ತೋರಿಸಿದ್ದಾರೆ, ಕೊಳ್ಳಲೇ? ಮನೆಯಲ್ಲೇ ಇರುವವರಿಗೆ ಮುಕ್ಕಾಲು ಸಂಬಳ ಸಾಕಲ್ಲವೇ? ಲ್ಯಾಪ್‌ಟಾಪ್ ನಾವು ಕೊಡಬೇಕೇ?"
(ಓದುಗರೊಬ್ಬರು, ಬಿಜೈ, ಮಂಗಳೂರು)

ಸಂಪಾದಕರ ಉತ್ತರ:

ಆ ಸಾಫ್ಟ್‌ವೇರ್ ಕೊಳ್ಳಬೇಡಿ. ಅದೇ ದುಡ್ಡಿನಲ್ಲಿ ನಾಲ್ವರ ಮನೆಯ ರೂಟರಿಗೂ ಒಂದೊಂದು ಪುಟ್ಟ ಯುಪಿಎಸ್ ಕೊಡಿಸಿ. ಯಾಕೆಂದು ಮುಂದೆ ಬರುತ್ತದೆ.

ಕಣ್ಣೆದುರು ಇಲ್ಲದವರನ್ನು ನಂಬುವುದು ಹೇಗೆ ಎಂದು ಬೇರೆ ಊರಿನವರು ಕೇಳಿದ್ದರೆ ಸರಿ. ಮಂಗಳೂರಿನ ನೀವು ಕೇಳಿದಿರಲ್ಲ ಮಾರಾಯ್ರೇ! ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಎಷ್ಟು ಮನೆಗಳ ಒಲೆ ಉರಿದದ್ದು, ಎಷ್ಟು ಮಕ್ಕಳ ಶಾಲೆಯ ಫೀಸು ಕಟ್ಟಿದ್ದು ಬೀಡಿಯಿಂದ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಹೆಂಗಸರು ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಬಿಗಿದು, 25ರ ಕಟ್ಟು ಮಾಡಿ ಬ್ರಾಂಚಿಗೆ ಒಯ್ದರೆ, ಅಲ್ಲಿ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಮಜೂರಿ ಸಾವಿರಕ್ಕೆ ಇಷ್ಟು ಎಂದು. ಬೀಡಿ ಕಟ್ಟುವಾಕೆ ಬೆಳಗ್ಗೆ ಕಟ್ಟಿದಳೋ, ಮಕ್ಕಳು ಮಲಗಿದ ಮೇಲೆ ಕಟ್ಟಿದಳೋ, ನಡುವೆ ಗಂಜಿ ಬೇಯಿಸಲು ಎದ್ದಳೋ ಎಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸುವ ಅಗತ್ಯವೇ ಇರಲಿಲ್ಲ. ಸಾವಿರ ಎಂದರೆ ಎಷ್ಟು, ಒಳ್ಳೆಯ ಬೀಡಿ ಎಂದರೆ ಯಾವುದು ಎಂಬುದು ಕೊಟ್ಟವರಿಗೂ ಕಟ್ಟಿದವರಿಗೂ ಗೊತ್ತಿತ್ತು.

ಬೀಡಿ ಕೆಲಸವನ್ನು ಚಿನ್ನದ ಚೌಕಟ್ಟಿನಲ್ಲಿ ಇಡಲು ಹೊರಟಿಲ್ಲ. ಮಜೂರಿ ಕಡಿಮೆ, ಹೊಗೆಸೊಪ್ಪಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅಲ್ಲಿ ಜಗಳ ಎದ್ದದ್ದು ಎಲ್ಲಿಂದ ಎನ್ನುವುದನ್ನು ಮಾತ್ರ ಗಮನಿಸಿ. ಕೊಟ್ಟ ಎಲೆ ತೂಕಕ್ಕೆ ಕಡಿಮೆ ಅಥವಾ ಹರುಕು, ಆದರೆ ಎಣಿಕೆ ಮಾತ್ರ ಪೂರ್ತಿ ಬೇಕು. ಪರೀಕ್ಷಿಸುವವರ ಮನಸ್ಸಿಗೆ ಬಂದಂತೆ ಕಟ್ಟುಗಳು ತಿರಸ್ಕೃತ. ತಪ್ಪು ಹೆಚ್ಚಾಗಿ ಕೆಲಸ ಕೊಡುವವರ ಮೇಜಿನ ಕಡೆಯದು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಲೆಕ್ಕಕ್ಕೆ ಹಿಡಿಯಬೇಕಾಯಿತು.

ಇನ್ನೂ ಒಂದು ಉದಾಹರಣೆ ಉಡುಪಿಯದ್ದೇ. 1925ರಲ್ಲಿ ಅಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಹೋಗಿ ಪಡೆಯುವ ಠೇವಣಿ ಅದು. ಪಿಗ್ಮಿಯವರು ಯಾವ ಬೀದಿಯಲ್ಲಿ ಇದ್ದಾರೆಂದು ಮ್ಯಾನೇಜರಿಗೆ ಕಾಣುತ್ತಿರಲಿಲ್ಲ. ಗ್ರಾಹಕರ ಕೈಯಲ್ಲಿ ಪುಸ್ತಕ, ಬ್ಯಾಂಕಿನಲ್ಲಿ ಲೆಡ್ಜರ್, ಎರಡೂ ತಾಳೆಯಾಗಬೇಕು. ಅಷ್ಟರ ಮೇಲೆಯೇ ಆ ಠೇವಣಿ ದೇಶಕ್ಕೆಲ್ಲ ಮಾದರಿಯಾಯಿತು.

ಈಗ ನಿಮ್ಮ ಕಚೇರಿಗೆ ಬರೋಣ. ನಿಮ್ಮಲ್ಲಿ 'ಎಲೆ' ಎಂದರೆ ಬಿಲ್ಲುಗಳು. ಅಂಗಡಿಯವರು ವಾಟ್ಸ್‌ಆಪಿನಲ್ಲಿ ಅಡ್ಡಾದಿಡ್ಡಿ ಕಳಿಸಿದ, ಹೆಬ್ಬೆರಳು ಅರ್ಧ ಮುಚ್ಚಿದ ಫೋಟೊಗಳನ್ನು ಹಾಗೆಯೇ ಬೈಂದೂರಿಗೆ ದಾಟಿಸಿದರೆ ಅಲ್ಲಿ ಕೂತವರು ಅರ್ಧ ದಿನ ಬಿಲ್ಲಿನ ನಂಬರು ಕೇಳುವುದರಲ್ಲೇ ಕಳೆಯುತ್ತಾರೆ. ಪರದೆಯ ಚಿತ್ರದಲ್ಲಿ ಅದು 'ಕೆಲಸ ಮಾಡದ ಸಮಯ' ಎಂದು ಕಾಣುತ್ತದೆ! ಒಬ್ಬ ಗ್ರಾಹಕರಿಗೆ ಒಂದು ತಿಂಗಳಿಗೆ ಒಂದು ಫೋಲ್ಡರ್. ಬಿಲ್ಲುಗಳು 200 ಡಿಪಿಐಗೆ ಕಡಿಮೆಯಾಗದ ಪಿಡಿಎಫ್. ಕಡತದ ಹೆಸರಿನಲ್ಲಿ ದಿನಾಂಕ, ಮಾರಿದವರ ಹೆಸರು, ಬಿಲ್ ಸಂಖ್ಯೆ, ಇದೇ ಅನುಕ್ರಮದಲ್ಲಿ. ಈ ಶಿಸ್ತು ಬಿಜೈಯಲ್ಲಿ ಮೊದಲು ಬರಬೇಕು. ಒಂದು ತಿಂಗಳು ನಿಮ್ಮ ಈಗಿನ ಒಂಬತ್ತು ಮಂದಿಯೇ ಹಾಗೆ ಮಾಡಿ ನೋಡಲಿ. ಆಮೇಲೆ ಜಾಹೀರಾತು ಕೊಡಿ.

ಆಯ್ಕೆಗೆ ಬಯೋಡೇಟಾ ನೋಡಿ ಹದಿನೈದು ನಿಮಿಷ ಮಾತಾಡಿಸಿದರೆ ಮಾತುಗಾರರು ಸಿಗುತ್ತಾರೆ, ಅಷ್ಟೇ. ಕೆಲಸವನ್ನೇ ಮಾಡಿಸಿ ನೋಡಿ. ಕಲ್ಪಿತ ಅಂಗಡಿಯೊಂದರ 40 ಖರೀದಿ ಬಿಲ್ಲು, ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತಯಾರಿಸಿ. ಅದರಲ್ಲಿ ಒಂದು ಬಿಲ್ಲು ಎರಡು ಸಲ ಬಂದಿರಲಿ. ಒಂದರಲ್ಲಿ ಜಿಎಸ್‌ಟಿ ನೋಂದಣಿ ಸಂಖ್ಯೆ 15 ಅಕ್ಷರದ ಬದಲು 14 ಇರಲಿ. ಕಾಸರಗೋಡಿನ ವ್ಯಾಪಾರಿಯ ಒಂದು ಬಿಲ್ಲು ಇರಲೇಬೇಕು: ನಮ್ಮ ಸಂಖ್ಯೆ 29ರಿಂದ ಶುರುವಾದರೆ ಕೇರಳದ್ದು 32ರಿಂದ, ಅಲ್ಲಿಂದ ಇಲ್ಲಿಗೆ ಬಂದ ಮಾಲಿಗೆ ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ತೆರಿಗೆ) ಬರಬೇಕು, ಆದರೆ ನಿಮ್ಮ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ರಾಜ್ಯದೊಳಗಿನ ಮಾರಾಟದ ತೆರಿಗೆಗಳು) ಎಂದು ತಪ್ಪಾಗಿ ಹಾಕಿಡಿ. ಮಂಗಳೂರಿನ ಲೆಕ್ಕದಲ್ಲಿ ಪದೇಪದೇ ಕಾಡುವ ತಪ್ಪು ಇದೇ. ಕೊನೆಯದಾಗಿ ಸ್ಟೇಟ್‌ಮೆಂಟಿನ ಒಂದು ಪುಟ ತೆಗೆದಿಡಿ. ನಾಲ್ಕು ಗಂಟೆಯ ಕೆಲಸ, ಮುಗಿಸಲು ಎರಡು ದಿನ. ಇದಕ್ಕೆ ಹಣ ಕೊಡಿ. ತಿಂಗಳಿಗೆ 20,000 ರೂಪಾಯಿ ಸಂಬಳದ ಲೆಕ್ಕದಲ್ಲಿ, 26 ದಿನ, 8 ಗಂಟೆ ಎಂದರೆ ಗಂಟೆಗೆ ಸುಮಾರು 96 ರೂಪಾಯಿ. 500 ಕೊಟ್ಟರೆ ಮರ್ಯಾದೆ. ಪುಕ್ಕಟೆ ಮಾಡಿಸಿದರೆ ಒಳ್ಳೆಯವರು ಅರ್ಧದಲ್ಲೇ ಬಿಟ್ಟು ಹೋಗುತ್ತಾರೆ.

ತಿದ್ದುವಾಗ ಎಂಟ್ರಿ ಸರಿಯಿದೆಯೇ ಎಂಬುದರಷ್ಟೇ ಮುಖ್ಯ, 'ಸ್ಟೇಟ್‌ಮೆಂಟಿನ ಒಂದು ಪುಟ ಇಲ್ಲ, ಕಳಿಸಿ' ಎಂದು ಬರೆದು ಕೇಳಿದವರು ಯಾರು ಎಂಬುದು. ಕೇಳದೆ ಸಸ್ಪೆನ್ಸ್ ಖಾತೆಗೆ (ಮೂಲ ಗೊತ್ತಾಗದ ಮೊತ್ತಗಳನ್ನು ಇಡುವ ಖಾತೆ) ತಳ್ಳಿ ತಾಳೆ ಮಾಡಿದವರು ಎಷ್ಟು ಚುರುಕಾಗಿದ್ದರೂ ದೂರದ ಕೆಲಸಕ್ಕೆ ಬೇಡ. ಆಮೇಲೆ ವಿಡಿಯೊ ಕರೆ ಮಾಡಿ, ಅವರೇ ಮಾಡಿದ ಕಡತ ತೆರೆಸಿ, ಎರಡು ಎಂಟ್ರಿ ಅಲ್ಲೇ ಬದಲಿಸಲು ಹೇಳಿ. ಬೇರೆಯವರಿಂದ ಮಾಡಿಸಿದ್ದರೆ ಆಗಲೇ ಗೊತ್ತಾಗುತ್ತದೆ.

ಸೇರಿಸಿಕೊಂಡ ಮೇಲೆ ಕೆಲಸದ ತುಂಡು ಒಂದೂವರೆ ದಿನಕ್ಕಿಂತ ದೊಡ್ಡದಿರಬಾರದು. 'ಈ ಹೋಟೆಲಿನ ಲೆಕ್ಕ ನೋಡಿ' ಎಂದರೆ ಅದು ಎಂದಿಗೂ ಮುಗಿಯದ ಕೆಲಸ. 'ಜೂನ್ ಖರೀದಿ ಪೂರ್ತಿ ಹಾಕಿ, ಬ್ಯಾಂಕಿನ ಕೊನೆಯ ಬಾಕಿ ಸ್ಟೇಟ್‌ಮೆಂಟಿಗೆ ಪೈಸೆ ಸಮೇತ ಕೂಡಬೇಕು, ಕೂಡದ ಬಿಲ್ಲುಗಳ ಪಟ್ಟಿ ಪ್ರತ್ಯೇಕ ಹಾಳೆಯಲ್ಲಿ' ಎಂದರೆ ಮುಗಿದದ್ದು ಇಬ್ಬರಿಗೂ ಗೊತ್ತಾಗುತ್ತದೆ. ನಿಮ್ಮ ಕಸುಬಿಗೆ ದೇವರು ಕೊಟ್ಟ ವರವೆಂದರೆ ತಾರೀಕುಗಳು. ತಿಂಗಳ ಲೆಕ್ಕ ಕೊಡುವವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) 11ರಂದು, 2ಬಿ (ಖರೀದಿಗಳ ಪಟ್ಟಿ) ಬರುವುದು 14ರಂದು, 3ಬಿ (ತೆರಿಗೆ ಕಟ್ಟುವ ರಿಟರ್ನ್) 20ರಂದು. ಹಾಗಾದರೆ ಮಾರಾಟದ ಎಂಟ್ರಿ 8ಕ್ಕೆ, 2ಬಿ ಜೊತೆ ಖರೀದಿಯ ತಾಳೆ 17ಕ್ಕೆ ಮುಗಿಯಬೇಕು. ಮೂರು ದಿನದ ಅಂತರ ಬಿಟ್ಟಿರುವುದು ನೀವು ಪರಿಶೀಲಿಸಲು.

ಹೆಚ್ಚಿನವರು ಎಡವುವುದು ಈ ಪರಿಶೀಲನೆಯಲ್ಲೇ. ನಾಲ್ವರು ದಿನಕ್ಕೆ ತಲಾ ಮೂರು ತುಂಡು ಒಪ್ಪಿಸಿದರೆ ಹನ್ನೆರಡು. ಒಂದಕ್ಕೆ ಹದಿನೈದು ನಿಮಿಷ ಎಂದರೂ ಯಜಮಾನರ ದಿನದಲ್ಲಿ ಮೂರು ಗಂಟೆ ಹೋಯಿತು. ಆ ಮೂರು ಗಂಟೆ ಇಲ್ಲದಿದ್ದರೆ ಕೆಲಸ ನಿಮ್ಮ ಮೇಜಿನ ಮೇಲೆ ಕೊಳೆಯುತ್ತದೆ, ಅವರು ಮುಂದಿನದಕ್ಕೆ ಕಾಯುತ್ತಾರೆ, ನೀವು 'ಮನೆಯಲ್ಲಿ ಕೂತವರು ನಿಧಾನ' ಎನ್ನುತ್ತೀರಿ. ಆದ್ದರಿಂದ ಮೊದಲು ಇಬ್ಬರನ್ನೇ ತೆಗೆದುಕೊಳ್ಳಿ. ಮೊದಲ ತಿಂಗಳು ಪ್ರತಿ ಎಂಟ್ರಿ ನೋಡಿ, ಎರಡನೆಯ ತಿಂಗಳು ನಾಲ್ಕರಲ್ಲಿ ಒಂದು, ಆಮೇಲೆ ಹತ್ತರಲ್ಲಿ ಒಂದು. ನೂರು ಎಂಟ್ರಿಯಲ್ಲಿ ಹತ್ತನ್ನು ಆರಿಸಿದಾಗ ಎರಡು ತಪ್ಪು ಸಿಕ್ಕಿದರೆ ನೂರನ್ನೂ ತಿರುಗಿ ನೋಡಿ. ಒಪ್ಪಿಸಿದ 24 ಗಂಟೆಯೊಳಗೆ ತಪ್ಪು ಹೇಳಿ. ವಾರ ಕಳೆದು ಹೇಳಿದರೆ ಅದೇ ತಪ್ಪು ಐವತ್ತು ಕಡೆ ಆಗಿರುತ್ತದೆ.

ದಿನಕ್ಕೆ ಮೂರು ಮೀಟಿಂಗ್ ಬೇಡ. ಬೆಳಗ್ಗೆ ಹತ್ತಕ್ಕೆ ಮೂರು ಸಾಲು ಬರಲಿ: ನಿನ್ನೆ ಮುಗಿದದ್ದು, ಇವತ್ತು ಹಿಡಿಯುವುದು, ಸಿಕ್ಕಿಬಿದ್ದದ್ದು. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಬಿಲ್ಲಿನಲ್ಲಿ ತಲೆ ಕೆಡಿಸಿಕೊಳ್ಳದೆ ಬರೆದು ಕೇಳಬೇಕು, ಕೇಳಿದ್ದಕ್ಕೆ ಯಾರೂ ಗದರಬಾರದು. ಹನ್ನೊಂದರಿಂದ ಒಂದರವರೆಗೆ ಎಲ್ಲರೂ ಫೋನಿಗೆ ಸಿಗಬೇಕು. ಉಳಿದ ಹೊತ್ತು ಅವರವರಿಗೆ ಬಿಟ್ಟದ್ದು.

ಇನ್ನು ಕಣ್ಗಾವಲು. ಕಂಪೆನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಕಡ್ಡಾಯವಾಗಿದೆ. ಟ್ಯಾಲಿಯಲ್ಲಿ ಅದು ನಿಮ್ಮ ಕೈಯಲ್ಲೇ ಇದೆ. ಯಾರು, ಯಾವಾಗ, ಯಾವ ವೋಚರ್ ತಿದ್ದಿದರು ಎಲ್ಲ ದಾಖಲಾಗುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಹೆಸರು ಕೊಟ್ಟರೆ ಸಾಕು. ಜಿಎಸ್‌ಟಿ ಪೋರ್ಟಲಿನ ಪಾಸ್‌ವರ್ಡ್ ಮತ್ತು ಓಟಿಪಿಯ ಕೆಲಸ ಬಿಜೈಯಲ್ಲೇ ಇರಲಿ, ರಿಟರ್ನ್ ಸಲ್ಲಿಸುವುದು ಅಲ್ಲಿಂದಲೇ ಆಗಲಿ. ಹತ್ತು ನಿಮಿಷಕ್ಕೊಂದು ಚಿತ್ರ ಎಂದರೆ ದಿನಕ್ಕೆ ಒಬ್ಬರದ್ದು 48, ನಾಲ್ವರದ್ದು 192. ಅವನ್ನೆಲ್ಲ ನೋಡುವವರು ಯಾರು? ಆ ಚಿತ್ರಗಳಲ್ಲಿ ನಿಮ್ಮ ಗ್ರಾಹಕರ ಬ್ಯಾಂಕ್ ವಿವರವೂ ಇರುತ್ತದೆ, ಅದು ಯಾರ ಸರ್ವರಿಗೆ ಹೋಗುತ್ತದೆಂದು ಏಜೆಂಟರನ್ನು ಕೇಳಿದ್ದೀರಾ? ಅಮೆರಿಕದ ದೊಡ್ಡ ಬ್ಯಾಂಕೊಂದು 2024ರಲ್ಲಿ ಕೀಬೋರ್ಡ್ ಒತ್ತಿದಂತೆ ನಟಿಸಿದ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು. ಚಲನೆಯನ್ನೇ ಅಳೆದರೆ ಜನ ಚಲನೆಯನ್ನೇ ಒಪ್ಪಿಸುತ್ತಾರೆ.

ಕಚೇರಿಯ ಪರವಾಗಿ ಹೇಳಬೇಕಾದದ್ದೂ ಇದೆ. ಮೈಕ್ರೋಸಾಫ್ಟ್‌ನ 61,182 ನೌಕರರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಲ್ಲರೂ ಮನೆಗೆ ಹೋದ ಮೇಲೆ ಬೇರೆ ಬೇರೆ ವಿಭಾಗಗಳ ನಡುವಿನ ಸಂಪರ್ಕ ತೆಳುವಾದದ್ದು ಕಂಡುಬಂತು. ಹೊಸಬರು ಪಕ್ಕದ ಮೇಜಿನವರನ್ನು ನೋಡಿಯೇ ಕಲಿಯುತ್ತಾರೆ ಎಂಬುದೂ ನಿಜ. ಅದಕ್ಕೆ ಮೊದಲ ಹತ್ತು ದಿನ ಬಿಜೈಯಲ್ಲಿ ಕೂರಿಸಿ, ಆಮೇಲೆ ತಿಂಗಳಿಗೊಂದು ದಿನ ಕರೆಸಿ, ಬಸ್ ಖರ್ಚು ಕೊಡಿ.

ಆದರೆ ಶಾಂಘಾಯಿಯ ಸಿಟ್ರಿಪ್ ಕಂಪೆನಿಯ ಪ್ರಯೋಗವನ್ನು ಓದಿ ನೋಡಿ. ಕಾಲ್ ಸೆಂಟರಿನಲ್ಲಿ ತಾವಾಗಿ ಮುಂದೆ ಬಂದ ನೌಕರರಲ್ಲಿ ಹುಟ್ಟಿದ ತಾರೀಕು ಸಮಸಂಖ್ಯೆ ಇದ್ದವರನ್ನು ಮನೆಗೆ ಕಳಿಸಿದರು, ಉಳಿದವರನ್ನು ಕಚೇರಿಯಲ್ಲೇ ಉಳಿಸಿಕೊಂಡರು. ಒಂಬತ್ತು ತಿಂಗಳಲ್ಲಿ ಮನೆಯವರ ಕೆಲಸ ಶೇ. 13ರಷ್ಟು ಹೆಚ್ಚಾಯಿತು. ಹೆಚ್ಚಿನ ಪಾಲು ಬಂದದ್ದು ಬಿಡುವು, ರಜೆ ಕಡಿಮೆಯಾದದ್ದರಿಂದ. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ನಿಮ್ಮ ನೋವು ಇದೇ ಅಲ್ಲವೇ, ಕಲಿತವರು ಬಸ್ಸು ಹತ್ತುವುದು? ಒಂದು ಮಾತು ನೆನಪಿರಲಿ: ಅಲ್ಲಿ ಮನೆಗೆ ಹೋಗಲು ಕನಿಷ್ಠ ಆರು ತಿಂಗಳ ಸೇವೆ, ಬ್ರಾಡ್‌ಬ್ಯಾಂಡ್, ಕೂರಲು ಪ್ರತ್ಯೇಕ ಕೋಣೆ ಇರಬೇಕಿತ್ತು. ಪ್ರಯೋಗ ಮುಗಿದ ಮೇಲೆ ಮನೆ ಒಗ್ಗದವರು ಕಚೇರಿಗೆ ಮರಳಲು ಅವಕಾಶವೂ ಇತ್ತು. ನೀವೂ ಆ ಬಾಗಿಲು ತೆರೆದಿಡಿ.

ಮುಕ್ಕಾಲು ಸಂಬಳದ ಪ್ರಶ್ನೆ ಓದಿ ಮನಸ್ಸಿಗೆ ನೋವಾಯಿತು. ಸುಳ್ಯದಲ್ಲಿ ಹಾಕಿದ ಎಂಟ್ರಿಗೆ ನಿಮ್ಮ ಗ್ರಾಹಕರು ಮುಕ್ಕಾಲು ಫೀಸು ಕೊಡುತ್ತಾರೆಯೇ? ಅಲ್ಲಿ ಕೂತು ದುಡಿಯುವವರ ಮನೆಯ ಕೋಣೆ, ಕರೆಂಟು, ಮೇಜು ನಿಮಗೆ ಬಾಡಿಗೆಯಿಲ್ಲದೆ ಸಿಗುತ್ತಿದೆ. ಬಿ.ಕಾಂ, ಎಂ.ಕಾಂ ಓದಿ, ಮಗುವಾದ ಮೇಲೆ ಕೆಲಸ ಬಿಟ್ಟು ಕೂತ ಹೆಣ್ಣುಮಕ್ಕಳು ನಮ್ಮ ಪ್ರತಿ ಊರಿನಲ್ಲಿದ್ದಾರೆ. ಹೆರಿಗೆ ರಜೆಯ ನಂತರ ಪರಸ್ಪರ ಒಪ್ಪಿಗೆಯಿಂದ ಮನೆಯಿಂದ ಕೆಲಸ ಮಾಡಬಹುದೆಂದು 2017ರ ತಿದ್ದುಪಡಿ ಕಾನೂನಿನಲ್ಲೇ ಬರೆಯಿತು. ನಮ್ಮ ಎಷ್ಟು ಕಚೇರಿಗಳು ಅದನ್ನು ಓದಿವೆ? ಹಾಜರಿ ಪುಸ್ತಕಕ್ಕೆ ಇರುವ ಗೌರವ ಕೆಲಸಕ್ಕೆ ಇಲ್ಲ. ಮಕ್ಕಳನ್ನು ಓದಿಸಿ ಘಟ್ಟ ಹತ್ತಿಸುತ್ತೇವೆ, ಸಂಬಳದ ದೊಡ್ಡ ಪಾಲು ಅಲ್ಲಿನ ಬಾಡಿಗೆಗೆ ಹೋಗುತ್ತದೆ, ಇಲ್ಲಿ ಅಂಗಳದ ಅಡಿಕೆ ಹೆಕ್ಕಲು ಎಪ್ಪತ್ತು ದಾಟಿದವರು ಉಳಿಯುತ್ತಾರೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಹಬ್ಬಕ್ಕೂ ಬರಲಾಗುವುದಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ಮಗಳು ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದರೆ, ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ದೇಶವೆಲ್ಲ ನೋಡಿತು. ಅಂಥ ಮನೆಗಳಿಗೆ ಕೆಲಸ ಒಯ್ಯಲು ಹೊರಟ ನಿಮ್ಮ ಬಗ್ಗೆ ನಮಗೆ ಅಭಿಮಾನವಿದೆ. ಪೂರ್ತಿ ಸಂಬಳ ಕೊಟ್ಟು ಒಯ್ಯಿರಿ.

ನೌಕರರು ಈಗ ಒಂಬತ್ತು ಎಂದಿರಿ. ಹತ್ತು ಆದ ಕೂಡಲೇ ಇಎಸ್‌ಐ (ನೌಕರರ ರಾಜ್ಯ ವಿಮೆ) ಬರುತ್ತದೆ, ಮನೆಯಲ್ಲಿ ಕೂತವರೂ ಎಣಿಕೆಗೆ ಸೇರುತ್ತಾರೆ. 21,000 ರೂಪಾಯಿವರೆಗಿನ ವೇತನಕ್ಕೆ ನಿಮ್ಮ ಪಾಲು ಶೇ. 3.25, ಅವರದ್ದು ಶೇ. 0.75. ಮೊದಲೇ ಲೆಕ್ಕ ಹಾಕಿಡಿ.

ಈಗ ಆ ಯುಪಿಎಸ್. ಜೂನ್ ಬಂತೆಂದರೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೂಟರಿಗೆ ಇಲ್ಲ. ಮನೆಯ ರೂಟರ್ ಸಾಮಾನ್ಯವಾಗಿ 12 ವೋಲ್ಟಿನದು, ಎಂಟು ವ್ಯಾಟಿನಷ್ಟು ಎಳೆಯುತ್ತದೆ. 8,800 ಎಂಎಎಚ್ ಎಂದು ಬರೆದ ಯುಪಿಎಸ್‌ನಲ್ಲಿ 3.7 ವೋಲ್ಟಿನ ಲೆಕ್ಕಕ್ಕೆ 32 ವ್ಯಾಟ್-ಅವರ್. ನಷ್ಟ ಕಳೆದು ಮೂರು ಗಂಟೆ ನಡೆಯುತ್ತದೆ. ಫೈಬರ್ ಪೆಟ್ಟಿಗೆ ಮತ್ತು ವೈಫೈ ಪೆಟ್ಟಿಗೆ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೇ ಹಾಕಿ 'ಯುಪಿಎಸ್ ಕೆಟ್ಟಿದೆ' ಎನ್ನುವವರು ಬಹಳ. ಬೀದಿಯ ಕೊನೆಯ ಸ್ವಿಚ್‌ಗೇ ಕರೆಂಟು ಇಲ್ಲದಿದ್ದರೆ ಮನೆಯ ಯುಪಿಎಸ್ ಏನೂ ಮಾಡಲಾರದು. ಅದಕ್ಕೆ ಬೇರೆ ಕಂಪೆನಿಯ ಮೊಬೈಲ್ ಡೇಟಾ ಇಟ್ಟುಕೊಳ್ಳಲು ಹೇಳಿ, ಆ ರೀಚಾರ್ಜ್ ನಿಮ್ಮದು. ಏಪ್ರಿಲ್-ಮೇ ಮತ್ತು ಅಕ್ಟೋಬರಿನಲ್ಲಿ ಗುಡುಗು ಶುರುವಾದ ಕೂಡಲೇ ಅಡಾಪ್ಟರ್ ಪ್ಲಗ್ಗಿನಿಂದ ಕಿತ್ತಿಡಬೇಕು. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಕರೆಂಟಿನ ತಂತಿಯಲ್ಲಿ ಬರುತ್ತದೆ. ಆ ಒಂದು ಗಂಟೆ ಕೆಲಸ ನಿಂತರೆ ನಿಲ್ಲಲಿ ಎಂದು ನೀವೇ ಬಾಯಿಬಿಟ್ಟು ಹೇಳಿ, ಇಲ್ಲವಾದರೆ ಹೆದರಿ ಕಿತ್ತಿಡುವುದಿಲ್ಲ.

ಲ್ಯಾಪ್‌ಟಾಪ್ ನೀವೇ ಕೊಡಿ. ಮನೆಮಂದಿಯೆಲ್ಲ ಬಳಸುವ ಯಂತ್ರದಲ್ಲಿ ಅರುವತ್ತು ಅಂಗಡಿಗಳ ಲೆಕ್ಕ ಇರಬಾರದು. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಸಾಕು, ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ, ಅಡ್ಮಿನ್ ಖಾತೆ ನಿಮ್ಮಲ್ಲಿರಲಿ. ಉಳಿಸಿದ ದುಡ್ಡಿನಲ್ಲಿ 22 ಇಂಚಿನ ಮಾನಿಟರ್ ಒಂದು ಕೊಡಿ, ಒಂದರಲ್ಲಿ ಬಿಲ್ಲು, ಇನ್ನೊಂದರಲ್ಲಿ ಟ್ಯಾಲಿ ತೆರೆದಿಟ್ಟರೆ ತಿರುಗಿಸಿ ತಿರುಗಿಸಿ ನೋಡುವ ಗೋಜಿಲ್ಲ. ಸೀರಿಯಲ್ ನಂಬರು ಬರೆದು ಎರಡು ಪ್ರತಿಯಲ್ಲಿ ಸಹಿ ಮಾಡಿಸಿ, ಬಿಜೈಯ ಹತ್ತು ದಿನ ಮುಗಿದು ಹನ್ನೊಂದನೆಯ ದಿನ ಪೆಟ್ಟಿಗೆ ಸಮೇತ ಬಸ್ಸಿಗೆ ಹತ್ತಿಸಿ. ಥರ್ಮಕೋಲ್ ಎಸೆಯದೆ ಅಟ್ಟದಲ್ಲಿ ಇಡಲು ಹೇಳಿ, ರಿಪೇರಿಗೆ ಕಳಿಸುವಾಗ ಬೇಕಾಗುತ್ತದೆ.