ಆ ಬಾಟಲಿಯನ್ನು ಮೊಸರನ್ನದ ಪಕ್ಕದಿಂದ ಎತ್ತಿಡಿ

ಪ್ರಶ್ನೆ: ನನ್ನ ಮಗ ಹೋದ ವರ್ಷ ಬಂಗಾಳಿ ಹುಡುಗಿಯನ್ನು ಮದುವೆಯಾದ. ಸೊಸೆ ಈ ಸಲ ತವರಿಂದ ಬರುವಾಗ ಬೋರೆಹಣ್ಣಿನ ಉಪ್ಪಿನಕಾಯಿ ತಂದಳು. ಅವರಮ್ಮ ಹಾಕಿದ್ದಂತೆ. ಊಟಕ್ಕೆ ಬಡಿಸಿದೆ. ಬರೀ ಸಿಹಿ, ಮೇಲೆ ಸಾಸಿವೆ ಎಣ್ಣೆಯ ಘಾಟು. ಮೊಸರನ್ನಕ್ಕೆ ಸೇರಲೇ ಇಲ್ಲ. ಬಾಟಲಿ ಹಾಗೇ ಇದೆ. ಹುಡುಗಿ ಏನೂ ಅನ್ನಲಿಲ್ಲ, ಮುಖ ಮಾತ್ರ ಸಣ್ಣದಾಯಿತು. ಇದನ್ನು ಹೇಗೆ ತಿನ್ನಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಮ್ಮಾ, ಆ ಬಾಟಲಿಯನ್ನು ಮೊದಲು ಮೊಸರನ್ನದ ಪಕ್ಕದಿಂದ ಎತ್ತಿಡಿ. ಅದು ನಂಚಿಕೊಳ್ಳಲು ಹಾಕಿದ್ದಲ್ಲ. ಮಧ್ಯಾಹ್ನ ಮೂರು ಗಂಟೆಗೆ, ಕೆಲಸವೆಲ್ಲ ಮುಗಿದ ಮೇಲೆ, ಅಂಗೈಗೆ ಹಾಕಿಕೊಂಡು ಚೀಪಲು ಹಾಕಿದ್ದು.

ನಾನು ಕೋಲ್ಕತ್ತದ ಲೇಕ್ ಮಾರ್ಕೆಟ್ ಹತ್ತಿರ ಹನ್ನೊಂದು ವರ್ಷ ಇದ್ದೆ. ಮೊದಲ ವರ್ಷ ನಾನೂ ನಿಮ್ಮ ಹಾಗೇ ಮಾಡಿದೆ. ಕೆಳಗಿನ ಮನೆಯ ಮಾಶಿಮಾ, ಅಂದರೆ ಚಿಕ್ಕಮ್ಮ, ನನ್ನ ತಟ್ಟೆ ನೋಡಿ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋದರು. ಅಲ್ಲಿ ಸಾಲಾಗಿ ಗಾಜಿನ ಭರಣಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗೆ ಇಟ್ಟಿದ್ದರು. ಸ್ನಾನ ಮಾಡದೆ ಮುಟ್ಟುವ ಹಾಗಿರಲಿಲ್ಲ, ನಮ್ಮ ಮಡಿ ಥರವೇ. ಒಂದು ಹಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು. ಮೊದಲು ಬೆಲ್ಲ, ಆಮೇಲೆ ಹುಳಿ, ಕೊನೆಗೆ ಒಣಮೆಣಸಿನಕಾಯಿ. ಅವರ ಮಾತಲ್ಲಿ ‘ಟೊಕ್-ಝಾಲ್-ಮಿಷ್ಟಿ’. ಹುಳಿ, ಖಾರ, ಸಿಹಿ ಮೂರೂ ಒಟ್ಟಿಗೆ. ಬೀಜವನ್ನು ಎಷ್ಟೋ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದೆ.

ನಮ್ಮ ಉಪ್ಪಿನಕಾಯಿಯ ಹೆಸರಲ್ಲೇ ಉಪ್ಪು ಇದೆ, ಅಲ್ವಾ? ಸಪ್ಪೆ ಮೊಸರನ್ನಕ್ಕೆ ಅದು ಜೊತೆ. ಬಂಗಾಳದ ಊಟದ ಲೆಕ್ಕವೇ ಬೇರೆ. ಅಲ್ಲಿ ಕಹಿಯಿಂದ ಶುರು. ಆಮೇಲೆ ಬೇಳೆ, ಪಲ್ಯ, ಮೀನು. ಹುಳಿ-ಸಿಹಿ ಬರುವುದು ಕೊನೆಗೆ, ಬೇಯಿಸಿದ ಚಟ್ನಿಯಾಗಿ, ಪಕ್ಕದಲ್ಲಿ ಹಪ್ಪಳ. ಅದಾದ ಮೇಲೆ ಮಿಠಾಯಿ. ಹಾಗಾಗಿ ‘ಆಚಾರ್’ಗೆ ಊಟದ ಹಂಗಿಲ್ಲ. ಮಳೆ ಬಂದ ದಿನ ಖಿಚುಡಿ ಜೊತೆಗೆ ತಿನ್ನುತ್ತಾರೆ, ಪರೋಟದ ಜೊತೆಗೂ ತಿನ್ನುತ್ತಾರೆ. ಆದರೆ ಅದರ ನಿಜವಾದ ರುಚಿ ಸುಮ್ನೆ ತಿನ್ನುವುದರಲ್ಲೇ ಇದೆ.

ಬೋರೆಹಣ್ಣಿಗೆ ಅಲ್ಲಿ ಕುಲ್ ಅನ್ನುತ್ತಾರೆ. ಸರಸ್ವತಿ ಪೂಜೆಗೆ ಮುಂಚೆ ಮಕ್ಕಳು ಅದನ್ನು ಮುಟ್ಟುವುದಿಲ್ಲ. ಮಾಘದ ಪಂಚಮಿಯ ದಿನ ದೇವಿಗೆ ಇಟ್ಟ ಮೇಲೇ ಬಾಯಿಗೆ. ಮೊದಲೇ ತಿಂದರೆ ಪರೀಕ್ಷೆಯಲ್ಲಿ ಫೇಲ್ ಅನ್ನುವ ನಂಬಿಕೆ. ನಿಮ್ಮ ಸೊಸೆಯೂ ಚಿಕ್ಕವಳಿದ್ದಾಗ ಹಾಗೆ ಕಾದಿರಬಹುದು. ಕೇಳಿ ನೋಡಿ.

ಉಪ್ಪಿನಕಾಯಿಗೆ ಗುಂಡಗಿನ ಹುಳಿ ಜಾತಿಯ ಹಣ್ಣೇ ಬೇಕು. ಒಣಗಿಸಿ, ಸ್ವಲ್ಪ ಜಜ್ಜಿ, ಬೆಲ್ಲದ ಪಾಕಕ್ಕೆ ಹಾಕುತ್ತಾರೆ. ಒಗ್ಗರಣೆಗೆ ಪಾಂಚ್‌ಫೋರನ್: ಮೆಂತ್ಯ, ಜೀರಿಗೆ, ಕಲೋಂಜಿ, ಸೋಂಪು, ಸಾಸಿವೆ. ಇವನ್ನು ಕುಟ್ಟುವುದಿಲ್ಲ, ಇಡಿಯಾಗೇ ಹಾಕುತ್ತಾರೆ. ಇದೇ ಮಸಾಲೆಯನ್ನು ಹುರಿದು ಪುಡಿ ಮಾಡಿ ಕೊನೆಗೆ ಮೇಲಿಂದ ಉದುರಿಸುತ್ತಾರೆ. ಆ ಪುಡಿಯ ಪರಿಮಳ ನನಗೆ ಈಗಲೂ ಮಾಶಿಮಾ ಸೆರಗಿನ ವಾಸನೆಯೇ.

ಎಣ್ಣೆಯ ಘಾಟಿಗೆ ಮೂಗು ಪಳಗಲು ಒಂದು ದಾರಿ ಇದೆ, ಅದೂ ನಿಮ್ಮೂರಲ್ಲೇ. ಬೇಸಿಗೆಯಲ್ಲಿ ಸೊಸೆಯ ಕೈಲಿ ‘ಆಮ್ ತೇಲ್’ ಮಾಡಿಸಿ. ಮಾವಿನಕಾಯಿ ಹೋಳುಗಳಿಗೆ ಉಪ್ಪು-ಅರಿಶಿನ ಹಚ್ಚಿ ಒಣಗಿಸಿ, ಸಾಸಿವೆ ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಬಿಸಿಲಿಗೆ ಇಡುವುದು. ಅಲ್ಲಿ ಹೋಳಿಗಿಂತ ಎಣ್ಣೆಗೇ ಬೇಡಿಕೆ ಜಾಸ್ತಿ. ದಾವಣಗೆರೆ ಮಂಡಕ್ಕಿಗೆ ಆ ಎಣ್ಣೆ ಎರಡು ಚಮಚ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕಲಸಿ. ಬಂಗಾಳದ ಸಂಜೆಯ ತಿಂಡಿ ಅದೇ. ಮಿರ್ಚಿ ಬಜ್ಜಿ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಈಗಿರುವ ಬಾಟಲಿಯನ್ನು ಇವತ್ತು ಮಧ್ಯಾಹ್ನವೇ ತೆಗೆಯಿರಿ. ಚಮಚ ಒಣಗಿರಲಿ. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಯಿಂದಲೇ ಹಾಕಿಸಿಕೊಂಡು ತಿನ್ನಿ.

ಪ್ರಶ್ನೆ: ಬಂಗಾಳದ ಸಾಸಿವೆ ಗೊಜ್ಜು ಕಾಸುಂದಿಯನ್ನು ಮನೆಯಲ್ಲಿ ಅರೆದೆ, ಕಹಿಯಾಯಿತು. ಯಾಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಸಾಸಿವೆಯನ್ನು ನೆನೆಸದೆ ಜಾಸ್ತಿ ಹೊತ್ತು ಮಿಕ್ಸಿಯಲ್ಲಿ ತಿರುಗಿಸಿರಬೇಕು. ಕಪ್ಪು ಮತ್ತು ಹಳದಿ ಸಾಸಿವೆ ಎರಡನ್ನೂ ಸೇರಿಸಿ, ತೊಳೆದು ನೆನೆಸಿ. ಅರೆಯುವಾಗಲೇ ಉಪ್ಪು, ಹಸಿಮೆಣಸಿನಕಾಯಿ ಹಾಕಿ, ಕಹಿ ತಗ್ಗುತ್ತದೆ. ಮಾವಿನಕಾಯಿ, ಅರಿಶಿನ ಸೇರಿಸಿ ಗಾಜಿನ ಬಾಟಲಿಯಲ್ಲಿ ನಾಲ್ಕು ದಿನ ಬಿಸಿಲಿಗೆ ಇಡಿ. ಹಳೆಯ ಮನೆಗಳಲ್ಲಿ ಅಕ್ಷಯ ತೃತೀಯದಂದು ಸಾಸಿವೆ ತೊಳೆಯುವ ಪದ್ಧತಿ ಇತ್ತು. ಇದನ್ನು ಸೊಪ್ಪಿನ ಪಲ್ಯದ ಜೊತೆ, ಬಿಸಿ ಅನ್ನಕ್ಕೆ ಕಲಸಿ, ಊಟದ ಮೊದಲ ತುತ್ತಿಗೇ ತಿನ್ನಿ.